ದೊಡ್ಡವರಿಗೆ ಕಾಕ್ಲಿಯರ್ ಇಂಪ್ಲಾಂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ಹಾಸನದ ಒಂದು ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕೂತು, ಇಪ್ಪತ್ತು ವರ್ಷ ಸ್ವಲ್ಪ ಸ್ವಲ್ಪವೇ ಕಿವಿ ಕಳೆದುಕೊಂಡವನು. 54ನೇ ವಯಸ್ಸಿನಲ್ಲಿ ಬಲಗಿವಿಗೆ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಕೇಳುವ ಸಾಧನ, ಹಾಕಿಸಿಕೊಂಡೆ. ಎಡಗಿವಿಗೆ ಈಗಲೂ ಮಾಮೂಲಿ ಕಿವಿ ಮಷಿನ್. ಅಲ್ಲಿಂದ ಈಚೆಗೆ ಯಾರ್ಯಾರೋ ನನ್ನ ನಂಬರ್ ಹುಡುಕಿಕೊಂಡು ಮೆಸೇಜು ಮಾಡುತ್ತಾರೆ. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಅದಕ್ಕೇ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ನಿಮ್ಮ ಕಿವಿಗೆ ಏನಾಗಬೇಕು ಅನ್ನುವುದನ್ನು ಇಎನ್‌ಟಿ ಡಾಕ್ಟರ್ ಮತ್ತು ಕಿವಿ ಪರೀಕ್ಷಿಸುವ ಆಡಿಯಾಲಜಿಸ್ಟ್ ಹೇಳಬೇಕು. ಅವರ ಮುಂದೆ ಕೂತಾಗ ಏನು ಕೇಳಬೇಕು ಅನ್ನುವುದಕ್ಕೆ ಇದು.

ಇದು ಚಿಕ್ಕ ಮಕ್ಕಳಿಗೆ ಮಾಡೋ ಆಪರೇಷನ್ ಅಲ್ವಾ?

ಮೊದಲು ಮಾಡಿದ್ದೇ ದೊಡ್ಡವರಿಗೆ. 1978ರಲ್ಲಿ ಮೆಲ್ಬರ್ನ್‌ನಲ್ಲಿ ಗ್ರೇಮ್ ಕ್ಲಾರ್ಕ್ ಅನ್ನುವ ಸರ್ಜನ್, ಸದ್ದನ್ನು ಹಲವು ಭಾಗವಾಗಿ ಕಳಿಸುವ ಬಹು ಚಾನೆಲ್‌ನ ಇಂಪ್ಲಾಂಟ್ ಹಾಕಿದ್ದು ಕಾರ್ ಅಪಘಾತದಲ್ಲಿ ಕಿವಿ ಹೋದ ಒಬ್ಬ ದೊಡ್ಡ ಮನುಷ್ಯನಿಗೆ. ಅಮೆರಿಕದಲ್ಲಿ 1984ರಲ್ಲಿ ಒಪ್ಪಿಗೆ ಸಿಕ್ಕಿದ್ದೂ ದೊಡ್ಡವರಿಗೇ. ಮಕ್ಕಳಿಗೆ ಒಪ್ಪಿಗೆ ಬಂದಿದ್ದು 1990ರಲ್ಲಿ.

ನಮ್ಮಲ್ಲಿ ಇದು ಮಕ್ಕಳದ್ದು ಅನ್ನಿಸುವುದಕ್ಕೆ ಕಾರಣ ಇದೆ. ಸರ್ಕಾರದ ಯೋಜನೆಗಳು ಮಕ್ಕಳಿಗೆ. ಪೇಪರಿನಲ್ಲಿ ಬರುವ ಫೋಟೋದಲ್ಲೂ ಮಂತ್ರಿಗಳ ಪಕ್ಕ ಒಂದು ಮಗು ಇರುತ್ತದೆ. ಐವತ್ತು ದಾಟಿದ ಗಂಡಸಿನ ಬೋಳು ತಲೆಯ ಮೇಲೆ ಮ್ಯಾಗ್ನೆಟ್ ಅಂಟಿಸಿದ ಫೋಟೋ ಯಾರು ಹಾಕುತ್ತಾರೆ, ಹೇಳಿ.

ಕಿವಿ ಮಷಿನ್‌ಗೂ ಇದಕ್ಕೂ ಏನು ವ್ಯತ್ಯಾಸ?

ಮಷಿನ್ ಸದ್ದನ್ನು ಜೋರು ಮಾಡುತ್ತದೆ. ಜೋರಾದ ಸದ್ದನ್ನು ಹಿಡಿಯುವ ಕೆಲಸ ಕಿವಿಯದ್ದೇ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರಲ್ಲಿ ಕೂದಲಿನಂಥ ತುದಿ ಇರುವ ಸುಮಾರು 15 ಸಾವಿರ ಕೋಶಗಳಿರುತ್ತವೆ. ಸದ್ದನ್ನು ನರಕ್ಕೆ ದಾಟಿಸುವುದು ಅವೇ. ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅವು ತೀರಾ ಕಮ್ಮಿಯಾದ ಮೇಲೆ ಎಷ್ಟು ಜೋರು ಮಾಡಿದರೂ ಗದ್ದಲವೇ ಜಾಸ್ತಿಯಾಗುತ್ತದೆ, ಮಾತು ಬಿಡಿಸಿ ಕೇಳಿಸುವುದಿಲ್ಲ.

ಇಂಪ್ಲಾಂಟ್ ಸತ್ತ ಕೋಶಗಳನ್ನು ಬಿಟ್ಟು ನೇರವಾಗಿ ನರಕ್ಕೇ ಕರೆಂಟಿನ ಸಂಕೇತ ಕೊಡುತ್ತದೆ. ಹೊರಗೆ ಕಿವಿಯ ಮೇಲೆ ಸದ್ದು ಹಿಡಿಯುವ ಪ್ರೊಸೆಸರ್, ಮ್ಯಾಗ್ನೆಟ್ಟಿನಿಂದ ತಲೆಗೆ ಅಂಟಿಕೊಳ್ಳುವ ಕಾಯಿಲ್. ಚರ್ಮದ ಕೆಳಗೆ ಒಂದು ರಿಸೀವರ್. ಅಲ್ಲಿಂದ ಕಾಕ್ಲಿಯಾದೊಳಗೆ ಹೋಗುವ ಸಣ್ಣ ಎಳೆ. ಆ ಎಳೆಯಲ್ಲಿ ಕಂಪನಿಗೆ ತಕ್ಕ ಹಾಗೆ 12ರಿಂದ 22 ಎಲೆಕ್ಟ್ರೋಡು, ಅಂದರೆ ಕರೆಂಟು ಕೊಡುವ ಬಿಂದುಗಳು. 15 ಸಾವಿರ ಮಾಡುತ್ತಿದ್ದ ಕೆಲಸವನ್ನು 22 ಮಾಡಬೇಕು. ಹುಟ್ಟಿದ ಕಿವಿಯ ಹಾಗೇ ಇರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನನಗೆ ಬೇಕಾ, ಬೇಡವಾ ಅಂತ ಹೇಗೆ ಗೊತ್ತಾಗುತ್ತೆ?

'ಕೇಳಿಸುತ್ತೆ, ಆದರೆ ಏನು ಅಂತ ಗೊತ್ತಾಗಲ್ಲ.' ಈ ಮಾತು ನಿಮ್ಮ ಬಾಯಲ್ಲಿ ದಿನಾ ಬರುತ್ತಿದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ.

ಯಾಕೆ ಹೀಗಾಗುತ್ತೆ ಅಂದರೆ, ಸಾಮಾನ್ಯವಾಗಿ ಮೊದಲು ಹೋಗುವುದು ತೆಳು ಸದ್ದುಗಳು. ಸ, ಶ, ತ, ಕ ಇವು. ಆ, ಊ ಥರದ ಸ್ವರಗಳು ಕೊನೆಯವರೆಗೂ ಉಳಿಯುತ್ತವೆ. ಸಾಲು, ಹಾಲು, ಕಾಲು, ಪಾಲು ನಾಲ್ಕೂ ನನಗೆ 'ಆಲು' ಆಗಿ ಕೇಳುತ್ತಿದ್ದವು. ಬ್ಯಾಂಕಿನಲ್ಲಿ ಒಬ್ಬರು ಕಾಲು ನೋವು ಅಂದರೆ ನಾನು ಸಾಲದ ಫಾರಂ ತೆಗೆದುಕೊಟ್ಟಿದ್ದೇನೆ. ಅವರು ನಕ್ಕರು, ನಾನೂ ನಕ್ಕೆ. ಹದಿನೈದು ಸಾವಿರ ಅಂದಿದ್ದು ಐದು ಸಾವಿರ ಅಂತ ಕೇಳಿದ ದಿನ ಯಾರೂ ನಗಲಿಲ್ಲ.

ಪರೀಕ್ಷೆಯಲ್ಲಿ ಎರಡು ಭಾಗ ಇದೆ. ಒಂದು, ಟುಂಯ್ ಅನ್ನುವ ಸದ್ದು ಕೇಳಿಸಿದಾಗ ಬಟನ್ ಒತ್ತುವುದು. ಅದರಿಂದ ಬರುವ ಗೆರೆಯೇ ಆಡಿಯೋಗ್ರಾಂ. ಇನ್ನೊಂದು, ಅವರು ಹೇಳಿದ ಪದವನ್ನು ನಾವು ತಿರುಗಿ ಹೇಳುವುದು. 25 ಪದದ ಪಟ್ಟಿಯಾದರೆ ಒಂದು ಪದಕ್ಕೆ 4%. ರಿಪೋರ್ಟಿನಲ್ಲಿ ಇದನ್ನು ಸ್ಪೀಚ್ ಐಡೆಂಟಿಫಿಕೇಶನ್ ಸ್ಕೋರ್ ಅಂತಲೋ ಎಸ್‌ಐಎಸ್ ಅಂತಲೋ ಬರೆದಿರುತ್ತಾರೆ. ಎಲ್ಲರೂ ಗೆರೆ ನೋಡುತ್ತಾರೆ. ಇಂಪ್ಲಾಂಟ್ ಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಈ ಸ್ಕೋರೇ ಮುಖ್ಯ.

ಅಮೆರಿಕದ ಆಡಿಯಾಲಜಿಸ್ಟ್‌ಗಳು ಒಂದು ಸುಲಭ ಲೆಕ್ಕ ಇಟ್ಟುಕೊಂಡಿದ್ದಾರೆ. 60/60 ಅಂತ ಹೆಸರು. ಎರಡರಲ್ಲಿ ಚೆನ್ನಾಗಿರುವ ಕಿವಿಯಲ್ಲೂ ಸರಾಸರಿ 60 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ನಷ್ಟ, ಜೊತೆಗೆ ಪದದ ಸ್ಕೋರ್ 60% ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಇಂಪ್ಲಾಂಟ್ ಪರೀಕ್ಷೆಗೆ ಕಳಿಸಿ ಅನ್ನುತ್ತದೆ ಅದು. ಕಳಿಸಿ ಅಷ್ಟೇ. ಆಪರೇಷನ್ ಮಾಡಿಸಿ ಅಂತಲ್ಲ. ಅಲ್ಲಿ ಹೋದ ಮೇಲೆ ಮಷಿನ್ ಹಾಕಿಸಿ, ಅದನ್ನು ಸರಿಯಾಗಿ ಟ್ಯೂನ್ ಮಾಡಿ, ಮತ್ತೆ ಪದ, ವಾಕ್ಯ ಹೇಳಿಸುತ್ತಾರೆ. ಒಳ್ಳೆ ಮಷಿನ್ ಹಾಕಿಯೂ ಅರ್ಧದಷ್ಟು ಮಾತು ಸಿಗದಿದ್ದರೆ ಆಗ ಇಂಪ್ಲಾಂಟ್ ಮಾತು ಬರುತ್ತದೆ.

ನನ್ನ ಕಥೆ ಇಲ್ಲಿ ಹೇಳಲೇಬೇಕು. ಆಪರೇಷನ್‌ಗೆ ಮುಂಚೆ ಹಳೆಯ ಫೈಲ್ ತೆಗೆದು ನೋಡಿದೆ. ಆರು ವರ್ಷ ಹಿಂದಿನ ಒಂದು ರಿಪೋರ್ಟಿನ ಕೆಳಗಿನ ಚೌಕದಲ್ಲಿ ಚಿಕ್ಕದಾಗಿ 36% ಅಂತ ಬರೆದಿತ್ತು. ಅಂದರೆ 25 ಪದದಲ್ಲಿ 9. ಅವತ್ತು ನನಗೆ ಹೇಳಿದ್ದು, 'ಇನ್ನೂ ಪವರ್ ಇರೋ ಮಾಡೆಲ್ ಬಂದಿದೆ ಸಾರ್.' ಆಮೇಲೆ ಎರಡು ಮಷಿನ್ ಕೊಂಡೆ. ಯಾರೂ ಸುಳ್ಳು ಹೇಳಲಿಲ್ಲ. ಕೇಳಬೇಕಾದ್ದು ಏನು ಅಂತ ನನಗೂ ಗೊತ್ತಿರಲಿಲ್ಲ.

ರಿಪೋರ್ಟಿನಲ್ಲಿ 'ಸಿವಿಯರ್' ಅಂತಿದೆ, 'ಪ್ರೊಫೌಂಡ್' ಅಲ್ಲ. ನಿಮಗೆ ಆಗಲ್ಲ ಅಂದರು.

ಯಾವ ವರ್ಷ ಅಂದರು? ಮೊದಲು ಪ್ರೊಫೌಂಡ್, ಅಂದರೆ ಹೆಚ್ಚುಕಡಿಮೆ ಪೂರ್ತಿ ಕಿವುಡಾದವರಿಗೆ ಮಾತ್ರ ಮಾಡುತ್ತಿದ್ದರು. ಈಗ ಗಡಿ ಸಡಿಲವಾಗಿದೆ. ಬ್ರಿಟನ್ನಿನಲ್ಲಿ 2019ಕ್ಕೆ ಮುಂಚೆ 90 ಡೆಸಿಬಲ್ ನಷ್ಟ ಇರಬೇಕಿತ್ತು. ಆ ವರ್ಷ 80ಕ್ಕೆ ಇಳಿಸಿದರು. ಅಮೆರಿಕದಲ್ಲಿ ವಯಸ್ಸಾದವರ ಸರ್ಕಾರಿ ವಿಮೆ ಮೆಡಿಕೇರ್, ಮಷಿನ್ ಹಾಕಿಕೊಂಡು ವಾಕ್ಯದ ಸ್ಕೋರ್ 40% ಮೀರಿದರೆ ಹಣ ಕೊಡುತ್ತಿರಲಿಲ್ಲ. 2022ರಲ್ಲಿ ಅದನ್ನು 60%ಗೆ ಏರಿಸಿದರು. ತೆಳು ಸದ್ದು ಪೂರ್ತಿ ಹೋಗಿ ದಪ್ಪ ಸದ್ದು ಉಳಿದವರಿಗೂ ಈಗ ಮಾಡುತ್ತಾರೆ. ಐದಾರು ವರ್ಷ ಹಿಂದೆ 'ಆಗಲ್ಲ' ಅನ್ನಿಸಿಕೊಂಡವರು ಇನ್ನೊಮ್ಮೆ ಹೋಗಿ ಕೇಳಿ. ನಿಮ್ಮ ಕಿವಿಯೂ ಅಲ್ಲೇ ನಿಂತಿರುವುದಿಲ್ಲ.

ಪದದ ಪರೀಕ್ಷೆ ಇಂಗ್ಲಿಷಿನಲ್ಲಿ ಮಾಡಿದರು. ನಮ್ಮ ಅಮ್ಮನಿಗೆ ಇಂಗ್ಲಿಷ್ ಬರಲ್ಲ.

ಹಾಗಾದರೆ ಆ ಸ್ಕೋರಿಗೆ ಅರ್ಥ ಇಲ್ಲ. ಗೊತ್ತಿಲ್ಲದ ಪದವನ್ನು ಒಳ್ಳೆ ಕಿವಿಯವರೂ ತಪ್ಪು ಹೇಳುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಊರವರ ಬಾಯಲ್ಲಿ ಸ್ಪೀಚ್ ಅಂಡ್ ಹಿಯರಿಂಗ್, ಕನ್ನಡದ್ದೇ ಪದಪಟ್ಟಿ, ವಾಕ್ಯಪಟ್ಟಿ ಮಾಡಿಟ್ಟಿದೆ. ಕನ್ನಡದಲ್ಲೇ ಮಾಡಿ ಅಂತ ಕೇಳಿ. ಮನೆಯಲ್ಲಿ ತುಳು, ಕೊಂಕಣಿ, ಕೊಡವ, ಉರ್ದು ಆಡುವವರು ಅದನ್ನೂ ಮೊದಲೇ ಹೇಳಿ. ಕೇಳುವುದರಲ್ಲಿ ಸಂಕೋಚ ಏನೂ ಇಲ್ಲ.

ಇನ್ನೊಂದು ಮಾತು. ಪರೀಕ್ಷೆ ಮಾಡುವವರ ಬಾಯಿ ಕಾಣುವ ಹಾಗೆ ಕೂರಿಸಿದರೆ ನಮ್ಮಂಥವರು ತುಟಿ ನೋಡಿಯೇ ಅರ್ಧ ಹೇಳಿಬಿಡುತ್ತೇವೆ. ಅದೂ ಸುಳ್ಳು ಸ್ಕೋರ್.

ಸಾರ್, ನಮ್ಮ ತಂದೆಗೆ 76. ಈ ವಯಸ್ಸಿಗೆ ಬೇಕಾ?

ವಯಸ್ಸಿಗೆ ಮೇಲಿನ ಮಿತಿ ಇಲ್ಲ. ಎಂಬತ್ತು ದಾಟಿದವರೂ ಹಾಕಿಸಿಕೊಂಡಿದ್ದಾರೆ. ಡಾಕ್ಟರು ನೋಡುವುದು ಹೃದಯ, ಶುಗರ್, ಬಿಪಿ, ಅನಸ್ತೇಶಿಯ ತಡೆಯುವ ಶಕ್ತಿ. ವಯಸ್ಸಿಗಿಂತ ಮುಖ್ಯವಾದ ಲೆಕ್ಕ ಎಂದರೆ ಆ ಕಿವಿ ಎಷ್ಟು ವರ್ಷದಿಂದ ಸುಮ್ನೆ ಕೂತಿದೆ ಅನ್ನುವುದು. ಮಷಿನ್ ಹಾಕಿಕೊಂಡು ಸ್ವಲ್ಪವಾದರೂ ಮಾತು ಕೇಳುತ್ತಾ ಬಂದ 76ರ ಕಿವಿ, ಮೂವತ್ತು ವರ್ಷದಿಂದ ಏನೂ ಕೇಳದ 50ರ ಕಿವಿಗಿಂತ ಬೇಗ ಕಲಿಯಬಹುದು.

'ಇನ್ನೆಷ್ಟು ದಿನ' ಅನ್ನುವ ಮಾತು ಮನೆಯವರ ಬಾಯಿಂದ ಬರುತ್ತದೆ, ವಯಸ್ಸಾದವರ ಬಾಯಿಂದಲೂ ಬರುತ್ತದೆ. ತಂದೆಯವರನ್ನೇ ಒಂದು ಸಲ ಬರೆದು ಕೇಳಿ ನೋಡಿ. ಅವರ ಎದುರೇ ಅವರ ಬಗ್ಗೆ ಎಲ್ಲರೂ ಮಾತಾಡಿ ತೀರ್ಮಾನ ಮಾಡುವುದು ಕಿವಿ ಕೇಳದವರ ಮನೆಯಲ್ಲಿ ಮಾಮೂಲಿ.

ಹುಟ್ಟಿನಿಂದ ಕೇಳಿಸದ ತಮ್ಮ, ಈಗ 30. ಮಾಡಿಸಬಹುದಾ?

ಮಾಡಿಸಬಹುದು, ಆದರೆ ಫಲ ಬೇರೆ ಥರ. ಮಾತು ಕಲಿತು ಆಮೇಲೆ ಕಿವಿ ಹೋದವರ ಮೆದುಳಿನಲ್ಲಿ ಸದ್ದಿನ ನೆನಪು ಇರುತ್ತದೆ. ಹುಟ್ಟಿನಿಂದ ಕೇಳದೆ ಬೆಳೆದವರಿಗೆ ಹಾರ್ನ್, ಬಾಗಿಲ ಬೆಲ್ಲು, ಯಾರೋ ಕರೆದರು ಅನ್ನುವುದು ಗೊತ್ತಾಗಬಹುದು. ಮಾತು ಬಿಡಿಸಿ ಅರ್ಥ ಮಾಡಿಕೊಳ್ಳುವುದು ಕಷ್ಟ. ಚಿಕ್ಕಂದಿನಿಂದ ಮಷಿನ್ ಹಾಕಿಕೊಂಡು ಬಾಯಲ್ಲಿ ಮಾತಾಡುತ್ತಿದ್ದರೆ ಫಲ ಸ್ವಲ್ಪ ಹೆಚ್ಚು ಸಿಗಬಹುದು. ಅವರು ಸನ್ನೆ ಭಾಷೆಯಲ್ಲೇ ಆರಾಮವಾಗಿದ್ದು, ಬೇಡ ಅಂದರೆ, ಆ ಮಾತನ್ನು ಅಲ್ಲಿಗೇ ಬಿಡಿ. ಎಲ್ಲರಿಗೂ ಇದು ಬೇಕು ಅನ್ನುವವನು ನಾನಲ್ಲ.

ಯಾರು ತಡ ಮಾಡಬಾರದು?

ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಉರಿಯೂತದಿಂದ ಕಿವಿ ಹೋದವರು. ಅವರ ಕಾಕ್ಲಿಯಾದೊಳಗೆ ಎಲುಬು ಬೆಳೆದು ಕೆಲವೇ ತಿಂಗಳಲ್ಲಿ ದಾರಿ ಮುಚ್ಚಿಹೋಗಬಹುದು. ಆಮೇಲೆ ಎಳೆ ತೂರಿಸಲು ಜಾಗ ಸಿಗುವುದಿಲ್ಲ. ಜ್ವರ ಇಳಿದ ಕೂಡಲೇ ಕಿವಿ ಪರೀಕ್ಷೆ ಮಾಡಿಸಿ.

ಇದ್ದಕ್ಕಿದ್ದ ಹಾಗೆ, ಒಂದೆರಡು ದಿನದಲ್ಲಿ ಕಿವಿ ಹೋದರೆ ಅದು ಇಂಪ್ಲಾಂಟ್ ವಿಷಯವೇ ಅಲ್ಲ, ಮೊದಲು ತುರ್ತು ಚಿಕಿತ್ಸೆ. ಅವತ್ತೇ ಇಎನ್‌ಟಿ ಹತ್ತಿರ ಓಡಿ. ಮೇಣ ಇರಬೇಕು ಅಂತ ಎಣ್ಣೆ ಬಿಟ್ಟುಕೊಂಡು ವಾರ ಕೂರಬೇಡಿ.

ಯಾರಿಗೆ ಆಗುವುದೇ ಇಲ್ಲ?

ಕೇಳುವ ನರವೇ ಇಲ್ಲದವರಿಗೆ, ಅಥವಾ ಗಡ್ಡೆಯಿಂದಾಗಿ ನರ ಕತ್ತರಿಸಿಹೋದವರಿಗೆ ಇದರಿಂದ ಉಪಯೋಗ ಇಲ್ಲ. ಅದಕ್ಕೇ ಸಿಟಿ ಮತ್ತು ಎಂಆರ್‌ಐ ಮಾಡಿಸುತ್ತಾರೆ. ಕಿವಿ ಸೋರುತ್ತಿದ್ದರೆ ಮೊದಲು ಅದನ್ನು ಒಣಗಿಸಬೇಕು, ಆಮೇಲೆ ಇದು.

ಇರೋ ಅಲ್ಪಸ್ವಲ್ಪವೂ ಹೋಗಿಬಿಟ್ಟರೆ?

ಹೋಗಬಹುದು. ಇದನ್ನು ಮುಚ್ಚಿಡಬಾರದು. ಎಳೆ ಒಳಗೆ ಹೋದಾಗ ಆ ಕಿವಿಯಲ್ಲಿ ಉಳಿದಿದ್ದ ಕೇಳುವ ಶಕ್ತಿ ಪೂರ್ತಿ ಅಥವಾ ಭಾಗಶಃ ಹೋಗುವ ಸಾಧ್ಯತೆ ಇದೆ. ಈಗ ಮೆತ್ತನೆಯ ಎಳೆಗಳು ಬಂದಿವೆ, ಕೆಲವರಿಗೆ ಉಳಿಯುತ್ತದೆ. ಆದರೂ ಹೋಗುತ್ತದೆ ಅಂತಲೇ ಮನಸ್ಸು ಗಟ್ಟಿ ಮಾಡಿಕೊಂಡು ಹೋಗುವುದು ಒಳ್ಳೆಯದು.

ಅದಕ್ಕೇ ಸಾಮಾನ್ಯವಾಗಿ ಕೆಟ್ಟ ಕಿವಿಗೆ ಮಾಡುತ್ತಾರೆ, ಚೆನ್ನಾಗಿರುವುದಕ್ಕೆ ಮಷಿನ್ ಮುಂದುವರಿಯುತ್ತದೆ. ನನ್ನ ಬಲಗಿವಿಯಲ್ಲಿ ಇದ್ದಿದ್ದು ಪದ ಸ್ಕೋರ್ 8%. 25ಕ್ಕೆ ಎರಡು. ಆ ಎರಡು ಪದಕ್ಕೆ ಹೆದರಿ ನಾಲ್ಕು ತಿಂಗಳು ನಿದ್ದೆ ಕೆಡಿಸಿಕೊಂಡೆ ಅಂತ ಈಗ ನೆನೆಸಿಕೊಂಡರೆ ನಗು ಬರುತ್ತದೆ. ಅವತ್ತು ಬರಲಿಲ್ಲ.

ಮೆದುಳಿಗೆ ಕೈ ಹಾಕುತ್ತಾರಾ?

ಇಲ್ಲ. ಕಿವಿಯ ಹಿಂದಿನ ಎಲುಬನ್ನು ಕೊರೆದು ಒಳಗಿವಿಗೆ ದಾರಿ ಮಾಡುತ್ತಾರೆ. ಪೂರ್ತಿ ಅರಿವಳಿಕೆ, ಎರಡು ಮೂರು ಗಂಟೆ ಕೆಲಸ, ಹೆಚ್ಚಿನವರು ಒಂದೆರಡು ದಿನದಲ್ಲಿ ಮನೆಗೆ. ಮುಂಚೆಯೇ ನ್ಯುಮೋಕಾಕಲ್ ಲಸಿಕೆ ಹಾಕಿಸುತ್ತಾರೆ, ಮೆನಿಂಜೈಟಿಸ್ ಬಾರದಿರಲಿ ಅಂತ. ತಪ್ಪಿಸಬೇಡಿ.

ತೊಂದರೆ ಏನೇನು ಆಗಬಹುದು ಅಂದರೆ: ಕೆಲವು ದಿನ ತಲೆ ಸುತ್ತು, ನಾಲಿಗೆಯ ರುಚಿ ಬದಲಾಗುವುದು, ಗಾಯಕ್ಕೆ ಸೋಂಕು. ಮುಖದ ನರ ಅಲ್ಲೇ ಪಕ್ಕದಲ್ಲಿ ಹೋಗುತ್ತದೆ. ಅದಕ್ಕೆ ಪೆಟ್ಟಾಗುವುದು ಅಪರೂಪ, ಆದರೆ ಆಗುವುದೇ ಇಲ್ಲ ಅಂತಿಲ್ಲ. ಆಪರೇಷನ್ ನಡೆಯುವಾಗಲೇ ಆ ನರವನ್ನು ಮಾನಿಟರ್‌ನಲ್ಲಿ ನೋಡುತ್ತಿರುತ್ತಾರಾ ಅಂತ ಸರ್ಜನ್ನರನ್ನು ಕೇಳಿ. ನನಗೆ ಒಂದೂವರೆ ತಿಂಗಳು ಕಾಫಿ ತುಕ್ಕು ಹಿಡಿದ ಕಬ್ಬಿಣದ ಹಾಗಿತ್ತು. ಹಾಸನದವನಿಗೆ ಅದೇ ದೊಡ್ಡ ನೋವು.

ಹಾಕಿದ ಕೂಡಲೇ ಕೇಳಿಸುತ್ತಾ?

ಇಲ್ಲ. ಗಾಯ ಮಾಗಲು ಎರಡರಿಂದ ನಾಲ್ಕು ವಾರ ಬಿಟ್ಟು ಸ್ವಿಚ್ ಆನ್ ಮಾಡುತ್ತಾರೆ. ಆ ಮಧ್ಯೆ ಆ ಕಿವಿಯಲ್ಲಿ ಏನೂ ಇರುವುದಿಲ್ಲ.

ಸ್ವಿಚ್ ಆನ್ ದಿನದ ವಿಡಿಯೋ ಮೊಬೈಲಿನಲ್ಲಿ ನೋಡಿರುತ್ತೀರಿ, ಎಲ್ಲರೂ ಅಳುತ್ತಾರೆ. ನಾನು ಅತ್ತಿದ್ದು ಬೇರೆ ಕಾರಣಕ್ಕೆ. ಆಡಿಯಾಲಜಿಸ್ಟ್ ಮೇಡಂ 'ಕೇಳ್ತಿದೆಯಾ' ಅಂದಿದ್ದು ಬಾತುಕೋಳಿ ಕೂಗಿದ ಹಾಗಿತ್ತು. ಹೆಂಡತಿಯ ದನಿ ತಗಡಿನ ಡಬ್ಬದೊಳಗಿಂದ ಬಂದ ಹಾಗೆ. ಗಂಡು ದನಿ, ಹೆಣ್ಣು ದನಿ ಎಲ್ಲ ಒಂದೇ. ಇಷ್ಟು ದುಡ್ಡು ಸುರಿದು ಇದಾ ಅನ್ನಿಸಿತು.

ಮೂರನೇ ವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಕೂತು ಪೇಪರ್ ಓದುತ್ತಿದ್ದೆ. ಏನೋ ಚುಯ್ ಅಂತು. ತಲೆ ಎತ್ತಿದೆ. ಕುಕ್ಕರ್. ಅದಕ್ಕೆ ಮುಂಚೆ ಹತ್ತು ವರ್ಷ ಕುಕ್ಕರ್ ನನಗೆ ಹಬೆ ಮಾತ್ರ ಆಗಿತ್ತು. ಮಧ್ಯಾಹ್ನ ಹೆಂಡತಿ ಹಿತ್ತಿಲಿಂದಲೇ 'ರೀ, ಎಷ್ಟು ವಿಷಲ್ ಆಯ್ತು?' ಅಂದಳು. ಮುಖ ಕಾಣದೆ ಆಡಿದ ಮಾತು ಅರ್ಥವಾಗಿದ್ದು ಅದೇ ಮೊದಲು. ಎಣಿಸಿರಲಿಲ್ಲ, ಬೈಸಿಕೊಂಡೆ.

ಮಾತು ಕಲಿತು ಕಿವಿ ಕಳೆದುಕೊಂಡ ದೊಡ್ಡವರಲ್ಲಿ ಹೆಚ್ಚಿನ ಸುಧಾರಣೆ ಮೊದಲ ಮೂರರಿಂದ ಆರು ತಿಂಗಳಲ್ಲಿ. ಒಂದು ವರ್ಷದವರೆಗೂ ಏರುತ್ತಾ ಹೋಗುತ್ತದೆ. ದಿನಾ ಎದ್ದಾಗಿನಿಂದ ಮಲಗುವವರೆಗೆ ಹಾಕಿಕೊಂಡಿರಬೇಕು. ಕಿರಿಕಿರಿ ಅಂತ ಡ್ರಾಯರಿನಲ್ಲಿ ಇಟ್ಟವರಿಗೆ ಏನೂ ಬರುವುದಿಲ್ಲ. ಮಗಳು ದಿನಾ ಅರ್ಧ ಗಂಟೆ ಪೇಪರ್ ಓದುತ್ತಿದ್ದಳು, ನಾನು ಕಣ್ಣು ಮುಚ್ಚಿ ಅದನ್ನೇ ಹೇಳುತ್ತಿದ್ದೆ. ನನ್ನ ಥೆರಪಿ ಹೆಚ್ಚಿನದು ಅದೇ.

ಒಂದು ವರ್ಷದ ಕೊನೆಗೆ ಬಲಗಿವಿಯ ಸ್ಕೋರ್ 8ರಿಂದ 72ಕ್ಕೆ ಬಂತು. ಇದು ನನ್ನದು. ಇನ್ನೊಬ್ಬರದು ಇದಕ್ಕಿಂತ ಮೇಲಿರಬಹುದು, ಕೆಳಗೂ ಇರಬಹುದು.

ಖರ್ಚು ಎಷ್ಟು?

ಯಂತ್ರಕ್ಕೇ ಸುಮಾರು ಐದಾರು ಲಕ್ಷದಿಂದ ಶುರು. ಮೇಲಿನ ಮಾದರಿಗಳು ಹತ್ತು ಲಕ್ಷ ದಾಟುತ್ತವೆ. ಆಸ್ಪತ್ರೆ, ಸರ್ಜನ್, ಸ್ಕ್ಯಾನ್ ಬೇರೆ.

ಯಾರೂ ಮೊದಲೇ ಹೇಳದ ಖರ್ಚು ಆಮೇಲಿನದ್ದು. ಬ್ಯಾಟರಿ, ಕಾಯಿಲ್‌ನ ಕೇಬಲ್, ತೇವ ಹೀರುವ ಡ್ರೈ ಬಾಕ್ಸ್, ಮ್ಯಾಪಿಂಗ್ (ಎಲೆಕ್ಟ್ರೋಡುಗಳ ಕರೆಂಟು ಹೊಂದಿಸುವುದು) ಫೀಸು, ಬಸ್ ಚಾರ್ಜು. ಒಳಗಿನ ಭಾಗ ದಶಕಗಟ್ಟಲೆ ಬರುತ್ತದೆ, ಹೊರಗಿನ ಪ್ರೊಸೆಸರ್ ಬರುವುದಿಲ್ಲ. ವಾರಂಟಿ ಮುಗಿದ ಮೇಲೆ ಹೊಸದು ಬೇಕಾದರೆ ಮತ್ತೆ ಲಕ್ಷಗಳ ಮಾತು. ಕೊಟೇಶನ್ ತಗೊಳ್ಳುವಾಗಲೇ ಮೂರು ಪ್ರಶ್ನೆ ಬರೆದುಕೊಂಡು ಹೋಗಿ: ಹೊರಗಿನ ಭಾಗಕ್ಕೆ ಎಷ್ಟು ವರ್ಷ ವಾರಂಟಿ, ಈ ಮಾದರಿಯ ಬಿಡಿಭಾಗ ಎಲ್ಲಿಯವರೆಗೆ ಸಿಗುತ್ತದೆ, ಸರ್ವಿಸ್ ಯಾವ ಊರಿನಲ್ಲಿ. ಕಂಪನಿ ನಿಲ್ಲಿಸಲು ಹೊರಟ ಮಾದರಿಯನ್ನು ಅಗ್ಗ ಅಂತ ಹೇಳಿ ಕೊಟ್ಟುಬಿಡುವುದೂ ಉಂಟು.

ಸರ್ಕಾರದಿಂದ ಏನಾದರೂ ಸಿಗುತ್ತಾ?

ದೊಡ್ಡವರಿಗೆ? ಕಷ್ಟ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯ ಇಂಪ್ಲಾಂಟ್ ಪುಟ್ಟ ಮಕ್ಕಳಿಗೆ. ಮಾತು ಬಂದ ಮೇಲೆ ಕಿವಿ ಹೋದವರಿಗೂ 18 ವರ್ಷದವರೆಗೆ ಮಾತ್ರ. ನಮ್ಮ ರಾಜ್ಯದ ಶ್ರವಣ ಸಂಜೀವಿನಿ ಆರು ವರ್ಷದೊಳಗಿನ ಮಕ್ಕಳಿಗೆ. ಮಕ್ಕಳಿಗೆ ಮೊದಲು ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 40 ವರ್ಷದ ಒಬ್ಬ ಟೈಲರ್, ಮನೆಯ ದುಡಿಮೆಯೆಲ್ಲ ಅವನದ್ದೇ, ಅವನಿಗೆ ಯಾವ ಬಾಗಿಲೂ ಇಲ್ಲ ಅನ್ನುವುದು ನನಗೆ ಇನ್ನೂ ಅರಗುವುದಿಲ್ಲ.

ನೋಡಬಹುದಾದ ದಾರಿಗಳು: ಕೇಂದ್ರ ಸರ್ಕಾರಿ ನೌಕರರು, ಮಾಜಿ ಸೈನಿಕರು, ಇಎಸ್‌ಐ ಇರುವವರು, ರೈಲ್ವೆಯವರು ತಮ್ಮ ತಮ್ಮ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು. ಆಪರೇಷನ್ ಆದ ಮೇಲೆ ಕೇಳಿದರೆ ಕೆಲಸ ಆಗುವುದು ಕಷ್ಟ, ಮುಂಚೆಯೇ ಒಪ್ಪಿಗೆ ಪತ್ರ ತಗೊಳ್ಳಿ.

ಖಾಸಗಿ ವಿಮೆಯಲ್ಲಿ ಎರಡು ಕೊಕ್ಕೆ. ಕಿವಿ ಕೇಳದಿರುವುದು ಮೊದಲಿಂದ ಇದ್ದ ಕಾಯಿಲೆ ಅಂತ ಕಾಯಿಸುತ್ತಾರೆ. 2024ರಿಂದ ಆ ಕಾಯುವಿಕೆ ಮೂರು ವರ್ಷ ಮೀರುವಂತಿಲ್ಲ. ಎರಡನೆಯದು, ದೇಹದ ಹೊರಗಿನ ಸಾಧನಕ್ಕೆ ಹಣ ಇಲ್ಲ ಅನ್ನುವ ಸಾಲು ಬಹಳ ಪಾಲಿಸಿಗಳಲ್ಲಿದೆ. ಪ್ರೊಸೆಸರ್ ಹೊರಗಿರುತ್ತದೆ, ಅಲ್ವಾ? ಪಾಲಿಸಿ ಓದಿ, ಈಮೇಲ್‌ನಲ್ಲಿ ಉತ್ತರ ತಗೊಳ್ಳಿ. ಬಾಯಿಮಾತು ನಮ್ಮಂಥವರಿಗೆ ಮೊದಲೇ ಆಗಿಬರುವುದಿಲ್ಲ.

ಅಂಗವೈಕಲ್ಯದ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ, ಅಂಗವೈಕಲ್ಯ 40% ಮತ್ತು ಮೇಲಿದ್ದರೆ 75 ಸಾವಿರ, 80% ಮತ್ತು ಮೇಲಿದ್ದರೆ 1.25 ಲಕ್ಷ, ತೆರಿಗೆ ಹಾಕುವ ಆದಾಯದಲ್ಲಿ ಕಡಿತ ಇದೆ.

ದುಡ್ಡಿದ್ದವರೂ ಯಾಕೆ ಹಾಕಿಸಿಕೊಳ್ಳಲ್ಲ?

ಇದನ್ನು ಕೇಳಿದ್ದು ಒಬ್ಬ ಆಡಿಯಾಲಜಿ ವಿದ್ಯಾರ್ಥಿನಿ. ಒಳ್ಳೆಯ ಪ್ರಶ್ನೆ. ದುಡ್ಡೊಂದೇ ಅಡ್ಡಿಯಾಗಿದ್ದರೆ ಬ್ರಿಟನ್ನಿನಲ್ಲಿ ಅರ್ಹರೆಲ್ಲ ಹಾಕಿಸಿಕೊಂಡಿರಬೇಕಿತ್ತು, ಅಲ್ಲಿ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಪುಕ್ಕಟೆ ಮಾಡುತ್ತದೆ. ಅಲ್ಲೂ ಹಾಗಾಗಿಲ್ಲ. ಅಮೆರಿಕದಲ್ಲೂ ಅರ್ಹರಾದ ದೊಡ್ಡವರಲ್ಲಿ ನೂರಕ್ಕೆ ಹತ್ತು ಮಂದಿಗೂ ಇಂಪ್ಲಾಂಟ್ ಇಲ್ಲ ಅನ್ನುವುದು ಅಲ್ಲಿನ ತಜ್ಞರ ಅಂದಾಜು.

ನಾನು ಕಂಡ ಹಾಗೆ ಮೊದಲ ಅಡ್ಡಿ, ಯಾರೂ ಹೇಳದಿರುವುದು. ದೊಡ್ಡವರ ಕಿವಿ ನಿಧಾನವಾಗಿ ಹೋಗುತ್ತದೆ. ನಾವು ಹೋಗುವುದು ಮಷಿನ್ ಅಂಗಡಿಗೆ. ಅಲ್ಲಿ ಉತ್ತರ ಯಾವಾಗಲೂ ಇನ್ನೊಂದು ಮಷಿನ್. ಊರಿನ ಡಾಕ್ಟರು 'ನರ ವೀಕು, ವಯಸ್ಸಾಯ್ತು' ಅಂದು ವಿಟಮಿನ್ ಮಾತ್ರೆ ಬರೆಯುತ್ತಾರೆ. ಪದದ ಸ್ಕೋರ್ ಇಳಿಯುತ್ತಿದೆ, ಇನ್ನೊಂದು ಜಾಗಕ್ಕೆ ಹೋಗಿ ಅನ್ನುವ ಒಂದು ಸಾಲು ಯಾರ ಕೈಯಿಂದಲೂ ಬರುವುದಿಲ್ಲ.

ಎರಡನೆಯದು ನಾವೇ. ನಾವು ಅಡಗಿಸಿಡುವುದರಲ್ಲಿ ಪಂಟರು. ಎಲ್ಲರೂ ನಕ್ಕಾಗ ನಗುವುದು. ಉತ್ತರ ಕೊಡಬೇಕಾದ ಪ್ರಶ್ನೆ ಬರದ ಹಾಗೆ ನಾವೇ ಮಾತಾಡುತ್ತಾ ಇರುವುದು. ಮದುವೆಗೆ ಹೋಗಿ ಊಟದ ಪಂಕ್ತಿ ಬಿಟ್ಟು ಚಪ್ಪಲಿ ಹತ್ತಿರ ನಿಲ್ಲುವುದು. 'ಕೆಪ್ಪ' ಅನ್ನುವುದು ನಮ್ಮ ಕಡೆ ಬೈಗುಳವೂ ಹೌದು, ಅಡ್ಡಹೆಸರೂ ಹೌದು. ಕನ್ನಡಕ ಹಾಕಿಕೊಂಡವರನ್ನು ಯಾರೂ ಕುರುಡ ಅನ್ನುವುದಿಲ್ಲ. ಕಿವಿಗೆ ಮಷಿನ್ ಕಂಡರೆ ದನಿ ಎತ್ತರಿಸಿ ಮಗುವಿನ ಹತ್ತಿರ ಮಾತಾಡಿದ ಹಾಗೆ ಮಾತಾಡುತ್ತಾರೆ. ತಲೆಗೇ ಅಂಟಿಕೊಂಡರೆ ಇನ್ನೇನು ಅನ್ನುವ ಭಯ ಸುಳ್ಳಲ್ಲ.

ಮೂರನೆಯದು ಮನೆಯ ಲೆಕ್ಕ. ಅದೇ ಹಣದಲ್ಲಿ ಮಗಳ ಮದುವೆ, ಸೈಟಿನ ಕಂತು. ಗಂಡಸಿಗಾದರೆ 'ಕೆಲಸ ಹೋಗುತ್ತೆ' ಅಂತ ಒಂದು ವಾದ ಇರುತ್ತದೆ. ಮನೆಯಲ್ಲಿರುವ ಹೆಂಗಸಿಗೆ ಆ ವಾದವೂ ಇಲ್ಲ. ನನಗೆ ಬಂದ ಮೆಸೇಜುಗಳಲ್ಲಿ ತಂದೆಗೆ, ಅಣ್ಣನಿಗೆ ಅಂತ ಕೇಳಿದವರು ಬಹಳ. ಅಮ್ಮನಿಗೆ ಅಂತ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಕೇಳಿದವರೂ ಹೆಣ್ಣುಮಕ್ಕಳೇ.

ನಾಲ್ಕನೆಯದು ದೂರ. ಹಾಸನದಿಂದ ಮೈಸೂರಿಗೆ ಬಸ್ಸಿನಲ್ಲಿ ಮೂರು ಗಂಟೆ. ನನ್ನದು ಸುಲಭದ ಊರು. ಬೀದರಿನವರು, ರಾಯಚೂರಿನವರು ಏನು ಮಾಡಬೇಕು?

ಮ್ಯಾಪಿಂಗ್‌ಗೆ ಎಷ್ಟು ಸಲ ಹೋಗಬೇಕು?

ಪ್ರತಿ ಎಲೆಕ್ಟ್ರೋಡಿಗೂ ಎಷ್ಟು ಕರೆಂಟು ಕೊಟ್ಟರೆ ಸದ್ದು ಶುರು, ಎಷ್ಟಾದರೆ ಸಾಕು ಅಂತ ಹೊಂದಿಸುವುದೇ ಮ್ಯಾಪಿಂಗ್. ಮೊದಲ ಮೂರು ತಿಂಗಳು ಪದೇ ಪದೇ, ಆಮೇಲೆ ಅಂತರ ಜಾಸ್ತಿ, ವರ್ಷ ಕಳೆದ ಮೇಲೆ ವರ್ಷಕ್ಕೊಂದು ಎರಡು. ದೂರದಿಂದಲೇ ಇಂಟರ್ನೆಟ್ ಮೂಲಕ ಮಾಡುವ ವ್ಯವಸ್ಥೆಯೂ ಕೆಲವು ಕಡೆ ಇದೆ. ಆಪರೇಷನ್ ಎಲ್ಲಿ ಅನ್ನುವುದಕ್ಕಿಂತ ಮ್ಯಾಪಿಂಗ್ ಎಲ್ಲಿ ಅನ್ನುವುದನ್ನು ಮೊದಲು ನೋಡಿ. ಆಪರೇಷನ್ ಒಂದು ದಿನ, ಇದು ಜೀವನಪೂರ್ತಿ.

ಹಾಕಿಸಿಕೊಂಡರೆ ಮರೆವಿನ ಕಾಯಿಲೆ ಬರಲ್ವಂತೆ?

ಕಿವಿ ಕೇಳದಿರುವುದಕ್ಕೂ ಮರೆವಿನ ಕಾಯಿಲೆಗೂ ನಂಟು ಇದೆ ಅಂತ ಸಂಶೋಧನೆಗಳು ಹೇಳುತ್ತವೆ. ಇಂಪ್ಲಾಂಟ್ ಅದನ್ನು ತಡೆಯುತ್ತದೆ ಅಂತ ಸಾಬೀತಾಗಿಲ್ಲ. ಆ ಆಸೆ ತೋರಿಸಿ ಮಾರುವವರ ಹತ್ತಿರ ಹುಷಾರು.

ಹೆಲ್ಮೆಟ್, ಸ್ನಾನ, ಎಂಆರ್‌ಐ?

ಸ್ನಾನಕ್ಕೆ ಹೊರಗಿನ ಭಾಗ ತೆಗೆದಿಡಿ. ಹೆಲ್ಮೆಟ್ ಹಾಕುವಾಗ ಕಾಯಿಲ್ ಜಾರುತ್ತದೆ. ನಾನು ಗಾಡಿ ಅಂಗಡಿಯಲ್ಲಿ ಒಂದು ಸೈಜು ದೊಡ್ಡದು ಹಾಕಿ ನೋಡಿದೆ, ಅದು ತಲೆಗೆ ಭದ್ರವಲ್ಲ. ಈಗ ಪ್ರೊಸೆಸರ್ ತೆಗೆದು ಜೇಬಿಗೆ ಹಾಕಿ, ಕನ್ನಡಿ ನೋಡಿಕೊಂಡು ನಿಧಾನಕ್ಕೆ ಹೋಗುತ್ತೇನೆ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯವರು, ರಾತ್ರಿ ತಪ್ಪದೆ ಡ್ರೈ ಬಾಕ್ಸಿನಲ್ಲಿಡಿ.

ಎಂಆರ್‌ಐಗೆ ಮುಂಚೆ ಇಂಪ್ಲಾಂಟ್ ಕಾರ್ಡ್ ತೋರಿಸಲೇಬೇಕು. ಒಳಗೆ ಮ್ಯಾಗ್ನೆಟ್ ಇದೆ. ಕೆಲವು ಮಾದರಿಗೆ ಹಾಗೇ ಮಾಡಬಹುದು, ಕೆಲವಕ್ಕೆ ಪಟ್ಟಿ ಬಿಗಿದು, ಕೆಲವಕ್ಕೆ ಮ್ಯಾಗ್ನೆಟ್ ತೆಗೆದು. ಮುಂದೆ ಬೇರೆ ಯಾವುದೇ ಆಪರೇಷನ್ ಆದರೂ ಸರ್ಜನ್‌ಗೆ ಹೇಳಿ. ರಕ್ತ ನಿಲ್ಲಿಸಲು ಬಳಸುವ ಕರೆಂಟಿನ ಸಾಧನದಲ್ಲಿ ಒಂದು ಬಗೆಯದ್ದನ್ನು ತಲೆ ಕತ್ತಿನ ಹತ್ತಿರ ಬಳಸುವಂತಿಲ್ಲ.

ಹಾಡು ಕೇಳಬಹುದಾ?

ತಾಳ ಸಿಗುತ್ತದೆ, ರಾಗ ಜಾರುತ್ತದೆ. ಮೊದಲಿಂದ ಬಾಯಿಪಾಠ ಇರುವ ದಾಸರ ಪದಗಳನ್ನು ಮೆದುಳೇ ತುಂಬಿಸಿಕೊಂಡು ಕೇಳಿಸುತ್ತದೆ. ಹೊಸ ಸಿನಿಮಾ ಹಾಡು ನನಗೆ ಇನ್ನೂ ಗದ್ದಲವೇ. ಮಗಳು ಹೇಳುತ್ತಾಳೆ, ಅದು ಇಂಪ್ಲಾಂಟಿನ ತಪ್ಪಲ್ಲ ಅಂತ.

ನಿಮಗೆ ಫೋನ್ ಮಾಡಬಹುದಾ?

ಮನೆಯವರ ದನಿ ಫೋನಿನಲ್ಲಿ ಬ್ಲೂಟೂತ್ ಹಾಕಿಕೊಂಡರೆ ಚೆನ್ನಾಗಿಯೇ ಸಿಗುತ್ತದೆ. ಹೊಸಬರ ದನಿ ಕಷ್ಟ. ಮೊದಲು ಮೆಸೇಜು ಮಾಡಿ, ಆಮೇಲೆ ಬೇಕಾದರೆ ವಿಡಿಯೋ ಕಾಲ್, ಮುಖಕ್ಕೆ ಬೆಳಕು ಬೀಳುವ ಹಾಗೆ ಕೂತುಕೊಳ್ಳಿ. ರಿಪೋರ್ಟ್ ಕಳಿಸುವುದಾದರೆ ಗೆರೆಯ ಫೋಟೋ ಮಾತ್ರ ಕಳಿಸಬೇಡಿ, ಕೆಳಗಿನ ಚೌಕವೂ ಬರಲಿ. ಗೊತ್ತಿಲ್ಲದ ನಂಬರಿನಿಂದ ಕಾಲ್ ಬಂದರೆ ಈಗಲೂ ಎತ್ತುವುದು ಹೆಂಡತಿಯೇ. ಸಾಲ ಬೇಕಾ ಅಂತ ಕೇಳುವವರಿಗೆ ಹಾಲು ಬೇಡ ಅಂದುಬಿಡುತ್ತೇನೆ ಅಂತ ಅವಳಿಗೆ ಅನುಮಾನ.